ನಾನು ಮಾಡದ ಆಣೆ

ನಾನು ಆಣೆ ಮಾಡಿರಲಿಲ್ಲ. ಚೌಡಮ್ಮನ ಗುಡಿಗೆ ಹೋಗಿರಲಿಲ್ಲ, ಕರ್ಪೂರ ಹಚ್ಚಿರಲಿಲ್ಲ, ಮಲಗಿದ್ದ ಮಗಳ ತಲೆ ಮುಟ್ಟಿರಲಿಲ್ಲ. ಇಷ್ಟನ್ನೂ ಮಾಡಿದ್ದೇನೆ ಎಂದು ನನ್ನ ಹೆಂಡತಿಗೆ ಹೇಳಿದೆ. ಅದನ್ನು ನಂಬಿ ಅವಳು ಪಂಚಾಯಿತಿ ಅಧ್ಯಕ್ಷಸ್ಥಾನಕ್ಕೆ ರಾಜೀನಾಮೆ ಕೊಟ್ಟಳು. ವರ್ಷಗಳ ಕಾಲ ಅದನ್ನೇ ನಂಬಿಕೊಂಡು ಬದುಕಿದಳು. ನಾನು ಪಕ್ಕದಲ್ಲೇ ಇದ್ದೆ — ಉಂಡುಕೊಂಡು, ತಿಂದುಕೊಂಡು, ಬಾಯಿ ಮುಚ್ಚಿಕೊಂಡು.

ನನ್ನ ಹೆಸರು ನಾಗರಾಜು. ಪುರವರದಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಊರು ಅಲ್ಲಿಂದ ಸ್ವಲ್ಪ ಒಳಗೆ. ಸುಟ್ಟುಹೋದ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವುದು ನನ್ನ ಕಸುಬು, ಬರೆಯುವುದಲ್ಲ. ಎರಡು ಸಾಲು ಬರೆದರೆ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ಮತ್ತೆ ಕೂರುತ್ತೇನೆ. ಹೇಳಬೇಕಾದ್ದನ್ನು ಹೇಳಬೇಕಾದ ಜಾಗದಲ್ಲಿ ಹೇಳದವನಿಗೆ ಇದೇ ಗತಿ.

ಆ ಸಲ ನಮ್ಮ ಪಂಚಾಯಿತಿಯ ಅಧ್ಯಕ್ಷಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ನನ್ನ ಹೆಂಡತಿ ಸಿದ್ದಗಂಗಮ್ಮ, ನನ್ನ ಬಾಯಲ್ಲಿ ಗಂಗ, ಮೆಂಬರ್ ಆಗಿ ಗೆದ್ದಿದ್ದಳು. ಲಕ್ಕಣ್ಣನ ಸೊಸೆಯೂ ಗೆದ್ದಿದ್ದಳು. ಲಕ್ಕಣ್ಣ ಅಂದರೆ ನಮ್ಮೂರಲ್ಲಿ ನಾಲ್ಕು ಜನ ಎದ್ದು ಜಾಗ ಬಿಡುವಂಥ ಆಸಾಮಿ. ಗೆದ್ದ ಹೆಂಗಸರ ಗಂಡಂದಿರು, ಮಾವಂದಿರು ಎಲ್ಲ ನನ್ನ ಅಂಗಡಿಯ ಹಿಂದೆ ಸೇರಿದೆವು. ಗೆದ್ದ ಹೆಂಗಸರು ಒಬ್ಬರೂ ಇರಲಿಲ್ಲ. ಅವರನ್ನು ಕರೆಯಬೇಕು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ, ಆಣೆಗೂ — ನೋಡಿ, ಮಾತಿಗೆ ಮುಂಚೆ ಆಣೆ ಎನ್ನುವ ಚಾಳಿ ಇನ್ನೂ ಹೋಗಿಲ್ಲ.

"ಅರ್ಧ ನಿಮ್ಮನೇರು, ಇನ್ನರ್ಧ ನಮ್ ಸೊಸೆ. ಏನಂತೀಯ್ಲಾ ನಾಗರಾಜ?" ಅಂದ ಲಕ್ಕಣ್ಣ. ನಾನು ಆಗಲಿ ಅಂದೆ. ಇಂಥ ಮಾತನ್ನು ನಮ್ಮ ಕಡೆ ಗುಡಿಯಲ್ಲಿ ಕರ್ಪೂರ ಮುಟ್ಟಿ ಗಟ್ಟಿ ಮಾಡಿಕೊಳ್ಳುವುದು ರೂಢಿ. ಅವಧಿಯ ಅರ್ಧಕ್ಕೆ ಬಂದು ಕುರ್ಚಿಯಿಂದ ಏಳಲು ಮನಸ್ಸಾಗದವರನ್ನು ದೇವರೇ ಎಬ್ಬಿಸಲಿ ಎಂದು. ಆದರೆ ಅವತ್ತು ಪೂಜಾರಿ ಮನೆಯಲ್ಲಿ ಸೂತಕ, ಗುಡಿಗೆ ಬೀಗ. "ಬುಡ್ಲಾ, ನಮ್ ನಮ್ಮಲ್ಲಿ ಆಣೆ ಯಾಕೆ, ಮಾತು ಸಾಕು" ಅಂದು ಕಾಫಿ ಕುಡಿದು ಎದ್ದೆವು. ಆಮೇಲೆ ಗುಡಿಯ ಬೀಗ ತೆಗೆದರು, ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ನಡೆದದ್ದು ಇಷ್ಟೇ.

ಗಂಗ ಅಧ್ಯಕ್ಷೆಯಾದಳು. ಮೊದಮೊದಲು ನಾನು ಅವಳ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ. ಕಾಗದ ಬಂದರೆ ಮೊದಲು ನನ್ನ ಕೈಗೆ. ನಾನು ಓದಿ, ಬೆರಳಿಟ್ಟು ತೋರಿಸಿದ ಕಡೆ ಅವಳು ಸಹಿ ಹಾಕುತ್ತಿದ್ದಳು. ಊರವರು ನನ್ನನ್ನು "ಅಧ್ಯಕ್ಷರೇ" ಅಂದರೆ ನಾನು ತಿದ್ದುತ್ತಿರಲಿಲ್ಲ. ಚೆನ್ನಾಗಿತ್ತು ಆ ಕಾಲ — ನನಗೆ.

ಅವಳು ಹತ್ತನೇ ಕ್ಲಾಸು ಪಾಸಾದವಳು ಎಂಬುದು ನನಗೆ ಮರೆತೇಹೋಗಿತ್ತು. ಅವಳಿಗೂ ಮರೆತಿತ್ತೋ ಏನೋ. ನಿಧಾನವಾಗಿ ಕಾಗದಗಳನ್ನು ತಾನೇ ಓದತೊಡಗಿದಳು. ಅರ್ಥವಾಗದ್ದನ್ನು ನನ್ನನ್ನಲ್ಲ, ಕಾರ್ಯದರ್ಶಿಯನ್ನು ಕೇಳತೊಡಗಿದಳು. ಪಂಚಾಯಿತಿಯ ಮೋಟಾರು ಸುಟ್ಟಾಗ ಅದು ನನ್ನ ಅಂಗಡಿಗೇ ಬರುತ್ತದೆ ಎಂದುಕೊಂಡು ಜಾಗ ಖಾಲಿ ಮಾಡಿಟ್ಟಿದ್ದೆ. ಅವಳು ಕೊರಟಗೆರೆಗೆ ಕಳಿಸಿದಳು. "ಜನ ಆಡ್ಕತಾರೆ ಕಣ್ರೀ" ಅಂದಳು. ಸರಿಯಾದ ಮಾತೇ. ಆದರೂ ಎರಡು ದಿನ ನಾನು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಅವಳು ಹಿಡಿದ ದೊಡ್ಡ ಕೆಲಸ ಕಾಲೋನಿಯ ಸ್ಮಶಾನದ ದಾರಿ. ಕಾಲೋನಿಯಲ್ಲಿ ಯಾರಾದರೂ ಸತ್ತರೆ ಹೆಣವನ್ನು ಹೊಲದ ಬದುವಿನ ಮೇಲೆ ಹೊತ್ತುಕೊಂಡು ಹೋಗಬೇಕಿತ್ತು. ನಕ್ಷೆಯಲ್ಲಿದ್ದ ದಾರಿ ಲಕ್ಕಣ್ಣನ ಜಮೀನಿನೊಳಗೆ ಸೇರಿಹೋಗಿತ್ತು. ಅದನ್ನು ಬಿಡಿಸುವವರೆಗೂ ಬಿಡುವುದಿಲ್ಲ ಎಂದು ಅವಳು ಮಧುಗಿರಿಗೆ ಓಡಾಡಿ, ಸರ್ವೆಯವರನ್ನು ಕರೆಸಿ, ಕಲ್ಲು ಹಾಕಿಸಿದಳು. ಲಕ್ಕಣ್ಣ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ನಿನ್ ಮಾತು ನಡೀತೈತೇನ್ಲಾ ಮನೇಲಿ?" ಅಂತ ಕೇಳಿ ನಗುತ್ತಾ ಹೋದ. ಒಂದೇ ಮಾತು. ಅದು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಅದಾದ ಮೇಲೆ ಒಂದು ಸಭೆ. ಯಾರೋ ಹೊಸ ಅಧಿಕಾರಿ ಬಂದಿದ್ದರು. ನನ್ನ ಕಡೆ ನೋಡಿ, "ಇವರು ಯಾವ ವಾರ್ಡಿನ ಸದಸ್ಯರು?" ಅಂದರು. ಗಂಗ ತಲೆಯೆತ್ತಿ, ಸಿಟ್ಟಿಲ್ಲ ಸೆಡವಿಲ್ಲ, "ನಮ್ಮನೆಯೋರು ಸಾರ್. ಮೀಟಿಂಗ್ ಮುಗಿಯೋಗಂಟ ಆಚೆ ಇರ್ತಾರೆ" ಅಂದಳು. ಯಾರೋ ಕಿಸಕ್ಕನೆ ನಕ್ಕರು. ನಾನು ಎದ್ದು ಬಂದು ಹೊಂಗೆಮರದ ಕೆಳಗೆ ಜೀಪಿನ ಡ್ರೈವರುಗಳ ಜೊತೆ ನಿಂತೆ. ಅವತ್ತಿನಿಂದ ಟೀ ಅಂಗಡಿಯಲ್ಲಿ ಅದೇ ತಮಾಷೆ: "ಏನ್ ನಾಗರಾಜಣ್ಣ, ಇವತ್ತು ಒಳಗಾ, ಆಚೇನಾ?"

ನೋಡಿ, ಕಾರಣ ಇದೇ. ಇಷ್ಟೇ. ಲಕ್ಕಣ್ಣ ಹೆದರಿಸಿದ, ಮಾತು ಉಳಿಸಿಕೊಳ್ಳಬೇಕಿತ್ತು, ಊರಿನ ಒಗ್ಗಟ್ಟು — ಇಷ್ಟು ವರ್ಷ ನನಗೆ ನಾನೇ ಏನೇನೋ ಹೇಳಿಕೊಂಡು ಬಂದೆ. ಎಲ್ಲ ಬೊಗಳೆ. ಅವಳು ನನ್ನನ್ನು ಆಚೆ ಕೂರಿಸಿದಳು, ನಾನಿಲ್ಲದೆಯೂ ಆ ಕೋಣೆಯಲ್ಲಿ ಕೆಲಸ ಚೆನ್ನಾಗಿ ನಡೆಯಿತು. ನನಗೆ ಹೊಟ್ಟೆಕಿಚ್ಚು. ಕಟ್ಟಿಕೊಂಡ ಹೆಂಡತಿಯ ಮೇಲೆ.

ಅರ್ಧ ಅವಧಿ ಮುಗಿಯಿತು. ಲಕ್ಕಣ್ಣ ನೆನಪಿಸಿದ. ನಾನು ಮನೆಯಲ್ಲಿ ವಿಷಯ ಎತ್ತಿದೆ. ಗಂಗ ರೊಟ್ಟಿ ತಟ್ಟುತ್ತಿದ್ದಳು. "ಮಾತು ಕೊಟ್ಟೋರು ನೀವು, ನನ್ನ ಯಾರು ಕೇಳಿದ್ರು? ದಾರಿ ಕೆಲ್ಸ ಅರ್ಧಕ್ಕೆ ನಿಂತೈತೆ. ಈಗ ನಾನು ಎದ್ರೆ ಅವರು ಅದನ್ನ ಮುಚ್ಚಾಕ್ತಾರೆ. ನಾನು ಬುಡಲ್ಲ" ಅಂದಳು. ಕಡ್ಡಿ ಮುರಿದಂತೆ. ಆಗ ನನ್ನ ಬಾಯಿಗೆ ಬಂದದ್ದು —

"ಬರೀ ಮಾತಲ್ಲ ಕಣೇ. ಆಣೆ ಮಾಡಿದೀನಿ. ಕಾವ್ಯನ ತಲೆ ಮುಟ್ಟಿ."

ಕಾವ್ಯ ನಮ್ಮ ಮಗಳು. ಆಗ ಇನ್ನೂ ಪ್ರೈಮರಿ ಸ್ಕೂಲು. ಗಂಗಳ ಕೈ ಹಂಗೇ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಬಂದರೂ ನೋಡಲಿಲ್ಲ. ನಾನು ಶುರು ಮಾಡಿದ್ದನ್ನು ನಿಲ್ಲಿಸಲಿಲ್ಲ, ಬೆಳೆಸಿದೆ. ಗುಡಿ ಬಾಗಿಲು ತೆಗೆದ ಮೇಲೆ ಒಬ್ಬನೇ ಹೋಗಿ ಕರ್ಪೂರ ಹಚ್ಚಿದೆ ಅಂದೆ. ಮನೆಗೆ ಬಂದು, ಮಗು ಮಲಗಿತ್ತು, ತಲೆ ಮುಟ್ಟಿದೆ ಅಂದೆ. ಅರ್ಧಕ್ಕೆ ಇಳಿಯುತ್ತಾಳೆ, ಮತ್ತೆ ಆ ಕುರ್ಚಿ ಮುಟ್ಟಲ್ಲ ಎಂದು ಹೇಳಿಕೊಂಡೆ ಅಂದೆ. ಇದನ್ನು ಯಾರ ಮುಂದೆಯೂ ಬಾಯಿ ಬಿಡಬೇಡ, ಬಿಟ್ಟರೆ ಮಗೂಗೆ ತಟ್ಟುತ್ತದೆ ಎಂದೂ ಸೇರಿಸಿದೆ. ಎಷ್ಟು ಸಲೀಸಾಗಿ ಬಂತು! ಸುಳ್ಳಿಗೆ ಇಷ್ಟು ಬುದ್ಧಿ ನನ್ನಲ್ಲಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಅವಳು ನನಗೆ ಹೊಡೆಯಲಿಲ್ಲ. ಬೈಯಲೂ ಇಲ್ಲ. "ಹೆತ್ತೋನಾ ನೀನು?" ಅಂದಳು, ಅಷ್ಟೇ. ಎದ್ದು ಹೋಗಿ, ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಒಳಗೆ ಎತ್ತಿಕೊಂಡು ಬಂದಳು.

ರಾಜೀನಾಮೆ ಕೊಡಬೇಕಾದ್ದು ಮಧುಗಿರಿಯಲ್ಲಿ, ಎ.ಸಿ. ಸಾಹೇಬರ ಕಚೇರಿಯಲ್ಲಿ. ಬೈಕಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಅವಳಿಗೆ ಹೇಳಿಕೊಟ್ಟೆ: "ಯಾರ ಒತ್ತಾಯನೂ ಇಲ್ಲ, ಸ್ವಂತ ಇಚ್ಛೆಯಿಂದ ಬಿಟ್ಟುಕೊಡ್ತಾ ಇದೀನಿ ಅನ್ನಬೇಕು. ಎಲ್ಲಿ, ಒಂದ್ಸಲ ಅನ್ನು." ಅವಳು ಅನ್ನಲಿಲ್ಲ. ಪಟ್ಟಣದ ಹತ್ತಿರ ಬರುವಾಗ ಮತ್ತೆ ಕೇಳಿದೆ. ಆಗ ನನ್ನ ಬೆನ್ನ ಹಿಂದಿನಿಂದ, ಮಕ್ಕಳು ಪಾಠ ಒಪ್ಪಿಸುವ ಹಾಗೆ, ಒಂದೂ ತಪ್ಪಿಲ್ಲದೆ ಹೇಳಿದಳು.

ಸಾಹೇಬರು ಒಳ್ಳೆಯವರು. ಕಾಗದ ಓದಿ, ಅವಳ ಮುಖ ನೋಡಿ, ನನ್ನ ಮುಖ ನೋಡಿ, "ನೀವು ಸ್ವಲ್ಪ ಹೊರಗಿರಿ" ಅಂದರು. ನಾನು ಬಾಗಿಲ ಆಚೆ ನಿಂತೆ. ಒಳಗೆ ಅವರು ಕೇಳಿದ್ದು ಕೇಳಿಸಿತು: "ಯಾರಾದರೂ ಒತ್ತಡ ಹಾಕಿದ್ದಾರಾ ಅಮ್ಮಾ? ಧೈರ್ಯವಾಗಿ ಹೇಳಿ." ಆಮೇಲೆ ಅವಳ ದನಿ — "ಇಲ್ಲ ಸಾರ್. ನನ್ನ ಸ್ವಂತ ಇಚ್ಛೆಯಿಂದ ಬಿಟ್ಟುಕೊಡ್ತಾ ಇದೀನಿ." ನಾನು ಹೇಳಿಕೊಟ್ಟದ್ದೇ. ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ. ಆ ಒಂದನ್ನೂ ಹೇಳಿಸಿದವನು ನಾನು.

ಇಲ್ಲಿಗೇ ಮುಗಿದಿದ್ದರೆ ಬಹುಶಃ ನಾನು ಇದನ್ನು ಬರೆಯುತ್ತಿರಲಿಲ್ಲ. ಇದಕ್ಕಿಂತ ಕೆಟ್ಟದ್ದು ಮುಂದಿದೆ.

ಕೊಟ್ಟ ರಾಜೀನಾಮೆಯನ್ನು ವಾಪಸ್ ತೆಗೆದುಕೊಳ್ಳಲು ಕಾನೂನಿನಲ್ಲಿ ಕೆಲವು ದಿನ ಅವಕಾಶ ಇರುತ್ತದೆ. ಅದು ಕಾಲೋನಿಯವರಿಗೂ ಗೊತ್ತಾಯಿತು. ಅಲ್ಲಿಯ ಕೆಂಪಕ್ಕ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಮನೆಗೇ ಬಂದಳು. "ದಾರಿ ಆಗೋಗಂಟನಾದ್ರೂ ಇರು ತಾಯಿ. ಇನ್ನೂ ಟೈಮೈತಂತೆ, ವಾಪಸ್ ಇಸ್ಕೊಂಡ್ಬುಡು" ಅಂದಳು. ಅವರು ಹೋದ ಮೇಲೆ ಗಂಗ ನನ್ನ ಮುಂದೆ ಬಂದು ನಿಂತಳು. ಮುಖದಲ್ಲಿ ಒಂದು ಆಸೆ. ಅದನ್ನು ಮರೆಯಲು ಆಗುತ್ತಿಲ್ಲ ನನಗೆ. "ಯಾಕ್ರೀ, ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಿ, ಆಣೆ ಬಿಡಿಸ್ಕೊಂಡ್ರೆ ಆಗಲ್ವಾ? ಬೆಳಿಗ್ಗೆ ಹೋಗ್ಬಂದ್ಬುಡಾನಾ?" ಅಂದಳು. ನಾನು "ನೋಡಾನ" ಅಂದೆ.

ಬೆಳಿಗ್ಗೆ ಕಾವ್ಯಳ ಮೈ ಕೆಂಡ.

ಜ್ವರ ಯಾರ ಮನೆಯಲ್ಲಿ ಬರುವುದಿಲ್ಲ? ಆ ದಿನಗಳಲ್ಲಿ ಊರಿನ ಅರ್ಧ ಮಕ್ಕಳಿಗೆ ಬಂದಿತ್ತು. ಆದರೆ ಗಂಗಳಿಗೆ ಅದು ಜ್ವರವಾಗಿ ಕಾಣಲಿಲ್ಲ. ಇಳಿಯದೇ ಹೋದಾಗ ಶಿರಾದ ಒಂದು ಆಸ್ಪತ್ರೆಗೆ ಸೇರಿಸಿದೆವು. ಡೆಂಗಿ ಇರಬಹುದು, ರಕ್ತ ಪರೀಕ್ಷೆ ಮಾಡೋಣ ಅಂದರು. ಮಗುವಿನ ಕೈಗೆ ಗ್ಲೂಕೋಸ್ ಹಾಕಿದ್ದರು. ಗಂಗ ಮಂಚದ ಪಕ್ಕ ನೆಲದ ಮೇಲೆ ಕೂತು ಕೈ ಮುಗಿದು ಗೊಣಗುತ್ತಿದ್ದಳು. ಹತ್ತಿರ ಹೋದೆ, ಕೇಳಿಸಿತು: "ತಪ್ಪಾಯ್ತು ತಾಯಿ. ನಾನು ವಾಪಸ್ ತಗಳ್ಳಲ್ಲ. ಇನ್ಮ್ಯಾಕೆ ಆ ಯೋಚ್ನೆನೇ ಮಾಡಲ್ಲ. ಕುರ್ಚಿ ಬ್ಯಾಡ, ಏನೂ ಬ್ಯಾಡ. ನನ್ ಮಗೀನ ಬುಟ್ಬುಡು." ನನ್ನನ್ನು ಕಂಡು ನನ್ನ ಕಾಲು ಹಿಡಿದುಕೊಂಡಳು. "ನೀವು ಮಾಡಿದ ಆಣೆ, ನೀವೂ ಕೇಳ್ಕಳ್ರೀ. ನೀವು ಕೇಳಿದ್ರೆ ಬುಡ್ತಾಳೆ" ಅಂದಳು.

ಆಗ ಹೇಳಬೇಕಿತ್ತು. ಆಣೆಯೂ ಇಲ್ಲ ಗೀಣೆಯೂ ಇಲ್ಲ ಕಣೇ, ಇದು ಬರೀ ಸೊಳ್ಳೆ ಕಚ್ಚಿದ ಜ್ವರ — ಇಷ್ಟು ಸಾಕಿತ್ತು. ನಾನೇನು ಮಾಡಿದೆ? ಕೈ ಮುಗಿದೆ. ಅವಳ ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿ, ಮಾಡದ ಆಣೆಗೆ ಕ್ಷಮೆ ಕೇಳಿದೆ. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಅವಳು ಹರಕೆ ಕಟ್ಟಿಕೊಂಡಾಗ ನಾನೂ ತಲೆಯಾಡಿಸಿದೆ. ಆಮೇಲೆ ಎಳನೀರು ತರುತ್ತೇನೆ ಎಂದು ಕೆಳಗಿಳಿದು ಬಂದುಬಿಟ್ಟೆ.

ಮಗು ಹುಷಾರಾಯಿತು. ಅಷ್ಟರಲ್ಲಿ ವಾಪಸ್ ತೆಗೆದುಕೊಳ್ಳುವ ಗಡುವೂ ಮುಗಿದಿತ್ತು. ನನಗೆ ಆಗ ಏನನಿಸಿತು ಗೊತ್ತೇ? ಮಗು ಉಳಿದದ್ದಕ್ಕೆ ಸಂತೋಷವಾಯಿತು, ಸುಳ್ಳಲ್ಲ. ಅದರ ಜೊತೆಜೊತೆಗೇ, ಸದ್ಯ, ಗಡುವು ದಾಟಿತು ಎಂಬ ನೆಮ್ಮದಿ. ಎರಡೂ ಒಂದೇ ಎದೆಯಲ್ಲಿ. ಥೂ.

ಲಕ್ಕಣ್ಣನ ಸೊಸೆ ಅಧ್ಯಕ್ಷೆಯಾದಳು. ಸರ್ವೆ ಕಲ್ಲುಗಳು ಎಲ್ಲಿ ಹೋದವೋ, ದಾರಿಯ ಮಾತು ಅಲ್ಲಿಗೇ ನಿಂತಿತು. ಟೀ ಅಂಗಡಿಯಲ್ಲಿ ತಮಾಷೆಯೂ ನಿಂತಿತು. ಗಂಗ ಪಂಚಾಯಿತಿ ಕಟ್ಟಡದ ಕಡೆ ಹೋಗುವುದನ್ನೇ ಬಿಟ್ಟಳು. ಮನೆ ಖಾತೆಯ ಕಾಗದ ಬೇಕಾದರೂ ನನ್ನನ್ನೇ ಕಳಿಸುತ್ತಿದ್ದಳು. ಯಾರಾದರೂ ಹಳೇ ರೂಢಿಯಲ್ಲಿ "ಅಧ್ಯಕ್ಷರೇ" ಅಂದರೆ, "ಹಂಗನ್ಬೇಡ್ರಪ್ಪ" ಎಂದು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಕಾವ್ಯಳನ್ನು ಸ್ಕೂಲ್ ಟೂರಿಗೆ ಕಳಿಸಲಿಲ್ಲ, ಸೈಕಲ್ ಕೊಡಿಸಲು ಬಿಡಲಿಲ್ಲ. ಹುಡುಗಿಗೆ ನೆಗಡಿಯಾದರೂ ಅವಳು ಮೊದಲು ನೋಡುತ್ತಿದ್ದುದು ನನ್ನ ಮುಖ. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಹೆದರಿಕೆ ಇತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಈಚೆಗೆ ಕೆಂಪಕ್ಕನ ಗಂಡ ತೀರಿಕೊಂಡ. ನಾನೂ ಮಣ್ಣಿಗೆ ಹೋಗಿದ್ದೆ. ಅದೇ ಬದು. ಮಳೆ ಬಿದ್ದು ಜಾರುತ್ತಿತ್ತು. ಮುಂದೆ ಹೆಗಲು ಕೊಟ್ಟಿದ್ದವನ ಕಾಲು ಜಾರಿ ಚಟ್ಟ ವಾಲಿತು. ನಾಲ್ಕು ಜನ ಓಡಿ ಹಿಡಿದುಕೊಂಡರು. ಕೆಂಪಕ್ಕ ನೋಡುತ್ತಾ ನಿಂತಿದ್ದಳು. ನನ್ನನ್ನಲ್ಲ, ಚಟ್ಟವನ್ನು. ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ತಿಂಗಳ ಕಾರ್ಯ ಮುಗಿದ ಮೇಲೆ ಕೆಂಪಕ್ಕ ಮತ್ತೆ ನಮ್ಮ ಮನೆಗೆ ಬಂದಳು. ಪಂಚಾಯಿತಿ ಚುನಾವಣೆ ಬರುತ್ತದೆ, ನೀನು ನಿಲ್ಲಬೇಕು ಎಂದು ಗಂಗಳ ಕೈ ಹಿಡಿದು ಕೂತಳು. ಗಂಗ, "ಆಗಲ್ಲ ಕಣಕ್ಕ, ದೇವರ ಕಟ್ಟು ಐತೆ" ಅಂದಳು. ಕಾವ್ಯ ಈಗ ಹೈಸ್ಕೂಲು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಕೆಂಪಕ್ಕ ಹೋದ ಮೇಲೆ ಏನು ಕಟ್ಟು, ಯಾವ ಕಟ್ಟು ಎಂದು ತಾಯಿಯನ್ನು ಪೀಡಿಸಿ ಪೀಡಿಸಿ ಬಾಯಿ ಬಿಡಿಸಿದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂತರೆ ತಟ್ಟೆ ತೆಗೆದುಕೊಂಡು ಎದ್ದು ಹೋಗುತ್ತಾಳೆ. ಒಂದೇ ಒಂದು ಸಲ ಕೇಳಿದಳು: "ನಾನು ಸತ್ರೂ ಪರ್ವಾಗಿಲ್ಲ ಅಂತಲೇನಪ್ಪಾ ಮುಟ್ಟಿದ್ದು?"

ಆಗ ನನಗೆ ನಿಜ ಹೇಳಬೇಕೆನಿಸಿತು. ಗಮನಿಸಿ, ಹೆಂಡತಿ ನೆಲದ ಮೇಲೆ ಕೂತು ಅತ್ತಾಗ ಅನಿಸಲಿಲ್ಲ. ಚಟ್ಟ ವಾಲಿದಾಗಲೂ ಅನಿಸಲಿಲ್ಲ. ನಾನು ಮಾಡದೇ ಇದ್ದ ಒಂದು ತಪ್ಪಿಗೆ ಮಗಳು ಮುಖ ತಿರುಗಿಸಿದಾಗ ಅನಿಸಿತು. ನನ್ನ ಪ್ರಾಮಾಣಿಕತೆಯ ಬೆಲೆ ಇಷ್ಟೇ.

ಗಂಗ ಜಗಲಿಯ ಒಳಬದಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು. ಎದುರಿಗೆ ಕೂತೆ. ಹೇಳಿದೆ. ಗುಡಿಗೆ ಹೋಗಿರಲಿಲ್ಲ, ಮುಟ್ಟಿರಲಿಲ್ಲ, ಏನೂ ಇರಲಿಲ್ಲ, ನೀನು ನನ್ನನ್ನು ಆಚೆ ಕೂರಿಸಿದ್ದು ತಡೆಯಲಾಗಲಿಲ್ಲ — ಎಲ್ಲ ಹೇಳಿದೆ. ಅವಳು ಒಂದೇ ಕೇಳಿದಳು.

"ಆಸ್ಪತ್ರೇಲಿ ಮಗೀಗೆ ಹಂಗಾಗಿದ್ದಾಗ, ನಿಮಗೆ ಗೊತ್ತಿತ್ತು?"

"ಹೂಂ" ಅಂದೆ.

ಅವಳು ನನ್ನನ್ನು ನೋಡಿದಳು, ಯಾವುದೋ ಊರಿನವನನ್ನು ನೋಡುವ ಹಾಗೆ. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಕೈ ತೊಳೆದುಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಬೇಡಿಕೊಳ್ಳಬೇಕು ಅನ್ನುವಷ್ಟರಲ್ಲಿ ಬೀದಿಗಿಳಿದಿದ್ದಳು. ನಲ್ಲಿಯ ಹತ್ತಿರ ಕೆಂಪಕ್ಕ, ಇನ್ನೂ ಆರೆಂಟು ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಕಾವ್ಯಳೂ ಅಲ್ಲೇ ಇದ್ದಳು. ಗಂಗ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು:

"ಯಾವ ಕಟ್ಟೂ ಇಲ್ಲ, ಆಣೆನೂ ಇಲ್ಲ ಕಣಕ್ಕ. ಕಾವ್ಯನ ತಲೆ ಮುಟ್ಟಿ ಆಣೆ ಮಾಡಿದೀನಿ ಅಂತ ನಮ್ಮನೆಯೋರು ಸುಳ್ಳು ಹೇಳಿದ್ರು. ನಾನು ನಂಬ್ದೆ."

"ಹಂಗಾದ್ರೆ ನಿಂತ್ಕತೀಯಾ?" ಅಂದಳು ಕೆಂಪಕ್ಕ.

"ಯೋಚ್ನೆ ಮಾಡ್ತೀನಿ. ಈ ಸಲ ನಾನೊಬ್ಬಳೇ ಮಾಡ್ತೀನಿ."

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಹೊರಗೆ ಹೋಗಲಿಲ್ಲ.

ಈಗ ಊರಲ್ಲಿ ಬೇರೆಯೇ ಮಾತು ಹಬ್ಬಿದೆ. ಲಕ್ಕಣ್ಣನ ಕಡೆಯವರು ಹಬ್ಬಿಸಿದ್ದು. ಸಿದ್ದಗಂಗಮ್ಮನಿಗೆ ಮತ್ತೆ ಕುರ್ಚಿಯ ಆಸೆ ಬಂದಿದೆ, ಮಗಳ ತಲೆ ಮೇಲಿನ ಆಣೆಯನ್ನೂ ಮುರಿಯಲು ಹೊರಟಿದ್ದಾಳೆ, ಅದಕ್ಕೇ ಗಂಡನ ಮೇಲೆ ಸುಳ್ಳು ಹೊರಿಸಿ ಕಥೆ ಕಟ್ಟಿದ್ದಾಳೆ, ತಾಯಿಯೋ ಮಾರಿಯೋ — ಹೀಗೆ. ಲಕ್ಕಣ್ಣನಿಗೆ ಚೆನ್ನಾಗಿ ಗೊತ್ತು, ಗುಡಿಗೆ ಬೀಗ ಇತ್ತು, ಆಣೆ ಬೇಡವೆಂದೇ ಎದ್ದೆವು ಎಂದು. ಅವನು ಸುಮ್ಮನಿದ್ದಾನೆ. ನನ್ನ ಅಂಗಡಿಗೆ ಬಂದ ಹುಡುಗನೊಬ್ಬ ನೇರವಾಗಿಯೇ ಕೇಳಿದ: "ಏನಣ್ಣ, ನಿಮ್ಮನೇರು ಹೇಳಿದ್ದು ದಿಟವಾ?" ನಾನು ತಂತಿ ಸುತ್ತುತ್ತಾ, ತಲೆ ಎತ್ತದೆ, "ಮನೆ ವಿಷ್ಯ ಬುಡಪ್ಪ" ಅಂದೆ. ಅವನು ನಕ್ಕು ಹೋದ. ಸಂಜೆಯೊಳಗೆ ಊರಿಗೆಲ್ಲ ಅರ್ಥವಾಗಿಹೋಯಿತು, ಅವಳೇ ಸುಳ್ಳಿ ಎಂದು.

ಆ ಮಾತು ಮನೆಗೂ ಬಂತು. ಗಂಗ ನನ್ನನ್ನು ಏನೂ ಕೇಳಲಿಲ್ಲ. ಅನ್ನ ಬಡಿಸಿದಳು, ಸಾರು ಹಾಕಿದಳು. ಕೇಳಿದರೂ ನಾನು ಹೇಳುವವನಲ್ಲ ಎಂದು ಅವಳಿಗೆ ಈಗ ಗೊತ್ತು. ಅವಳು ನಿಲ್ಲುತ್ತಾಳೋ ಇಲ್ಲವೋ ನನಗೆ ತಿಳಿಯದು. ತಿಳಿದುಕೊಳ್ಳುವ ಹಕ್ಕೂ ನನಗಿಲ್ಲ.

ಆದರೆ ಅಂಗಡಿಯಲ್ಲಿ ಆ ಹುಡುಗ ಕೇಳಿದ್ದಕ್ಕೆ ಉತ್ತರ ಬಾಕಿ ಇದೆ. ಹೆಸರು ಹಾಕಿಯೇ ಬರೆಯುತ್ತಿದ್ದೇನೆ. ಇದನ್ನು ನಾಳೆ ಟೀ ಅಂಗಡಿಯಲ್ಲಿ, ಲಕ್ಕಣ್ಣ ಕೂರುವ ಹೊತ್ತಿಗೆ, ನಾನೇ ಗಟ್ಟಿಯಾಗಿ ಓದುತ್ತೇನೆ. ನಗುವವರು ನಗಲಿ. ಪೂರ್ತಿ ಓದಲಾಗದೇ ಹೋದರೆ ಈ ಕೊನೆಯ ಸಾಲನ್ನಾದರೂ ಓದಿಯೇ ಏಳುತ್ತೇನೆ.

ಹೌದಪ್ಪ. ದಿಟ. ಸಿದ್ದಗಂಗಮ್ಮ ಹೇಳಿದ್ದು ದಿಟ, ಸುಳ್ಳು ಹೇಳಿದವನು ನಾನು.